ಹೊರಗೆ ಬರಬಾರದ್ದನ್ನು ಒಳಗೇ ಇಡುವ ವಿದ್ಯೆ

(ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಟ್ಟ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕಂಪ್ಯೂಟರ್ ಬಗ್ಗೆ ಮಾತಾಡಲು ಹೇಳಿದ್ದರು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವವನು, ಹಾಗಾಗಿ ಅವರು ಕೇಳಿದ್ದು ಸರಿಯೇ. ಆದರೆ ನಾನೇ ವಿಷಯ ಬದಲಿಸಿಕೊಂಡೆ. ಕಾರಣ ಇಷ್ಟೇ. ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಕಂಪ್ಯೂಟರ್ ಬಗ್ಗೆ ಅಲ್ಲ. "ತಮಾ, ನೀನು ಇಂಜಿನಿಯರ್ ಅಲ್ವನಾ, ಕೈಗಾದಿಂದ ನಮಗೇನೂ ಆಗೂದಿಲ್ವಾ?" ಎಂದು. ಕೈಗಾದಲ್ಲಿ ಈಗ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಬರುತ್ತಿವೆ. ಅದರ ಬಗ್ಗೆ 2018ರಲ್ಲಿ ನಡೆದ ಅಹವಾಲು ಸಭೆಯ ಮಾತು ಇನ್ನೂ ಚಹಾ ಅಂಗಡಿಯಲ್ಲಿ ಮುಗಿದಿಲ್ಲ. "ಏನೂ ಆಗುವುದಿಲ್ಲ" ಎಂದು ಹೇಳಿ ಹೋಗುವುದು ಸುಲಭ. "ಎಲ್ಲ ಹಾಳಾಯಿತು" ಎಂದು ಹೆದರಿಸುವುದೂ ಸುಲಭ. ಈ ಎರಡನ್ನೂ ಬಿಟ್ಟು, ವಿಕಿರಣಶೀಲ ವಸ್ತು ಸ್ಥಾವರದಿಂದ ಹೊರಗೆ ಬರದಂತೆ ಏನೇನು ಮಾಡಿರುತ್ತಾರೆ, ಅದು ಎಲ್ಲೆಲ್ಲಿ ಸೋತಿದೆ, ಎಲ್ಲೆಲ್ಲಿ ಗೆದ್ದಿದೆ ಎಂಬುದನ್ನು ಹೇಳುತ್ತೇನೆ. ನಾನು ಅಣು ವಿಜ್ಞಾನಿಯಲ್ಲ. ಆದರೆ ಯಂತ್ರಗಳು ಹೇಗೆ ಕೆಡುತ್ತವೆ ಎಂಬುದನ್ನು ಯೋಚಿಸುವುದೇ ನನ್ನ ದಿನದ ಕೆಲಸ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ವಿಕಿರಣ ಬೇರೆ, ವಿಕಿರಣಶೀಲ ಮಾಲಿನ್ಯ ಬೇರೆ. ಒಲೆಯ ಮುಂದೆ ಕೂತರೆ ಶಾಖ ತಾಗುತ್ತದೆ. ದೂರ ಸರಿದರೆ, ನಡುವೆ ಗೋಡೆ ಬಂದರೆ ತಾಗುವುದಿಲ್ಲ. ವಿಕಿರಣ ಆ ಶಾಖದಂತೆ. ಆದರೆ ಅದೇ ಒಲೆಯ ಕಿಡಿ ಗಾಳಿಗೆ ಹಾರಿ ಹುಲ್ಲಿನ ಬಣವೆಗೆ ಬಿದ್ದರೆ? ಆಗ ಬೆಂಕಿಯೇ ನಮ್ಮ ಅಂಗಳಕ್ಕೆ ಬಂದಂತೆ. ಮಾಲಿನ್ಯ ಎಂದರೆ ಆ ಕಿಡಿ. ಸ್ಥಾವರದ ಒಳಗಿನ ವಿಕಿರಣವನ್ನು ದಪ್ಪ ಕಾಂಕ್ರೀಟು ತಡೆಯುತ್ತದೆ. ನಿಜವಾದ ಕಷ್ಟ ಇರುವುದು ಕಿಡಿಗಳನ್ನು, ಅಂದರೆ ವಿಕಿರಣಶೀಲ ಅನಿಲ, ಆವಿ, ಧೂಳನ್ನು ಹೊರಗೆ ಬಿಡದೆ ಹಿಡಿದಿಡುವುದರಲ್ಲಿ.

ಈ ಕಿಡಿಗಳಲ್ಲಿ ಎರಡರ ಹೆಸರು ನೆನಪಿಡಿ: ಅಯೋಡಿನ್-131 ಮತ್ತು ಸೀಸಿಯಂ-137. ಯುರೇನಿಯಂ ಪರಮಾಣು ಒಡೆದಾಗ ಹುಟ್ಟುವ ತುಂಡುಗಳಿವು. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅಂದರೆ ಎಂಟು ದಿನಕ್ಕೆ ಅರ್ಧ, ಹದಿನಾರು ದಿನಕ್ಕೆ ಕಾಲು ಭಾಗ ಉಳಿಯುತ್ತದೆ. ಸೀಸಿಯಂ-137ರದ್ದು ಸುಮಾರು 30 ವರ್ಷ. ಅಯೋಡಿನ್ ಬೇಗ ಹೋಗುತ್ತದೆ, ಆದರೆ ಹೋಗುವ ಮೊದಲು ಅದು ಹಿಡಿಯುವ ದಾರಿ ನಮ್ಮಂಥ ಹಳ್ಳಿಯ ದಾರಿ. ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲನ್ನು ಆಕಳು ಮೇಯುತ್ತದೆ, ಹಾಲಿಗೆ ಇಳಿಯುತ್ತದೆ, ಹಾಲು ಕುಡಿದ ಮಗುವಿನ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಚೆರ್ನೋಬಿಲ್ ಸುತ್ತಿನ ಪ್ರದೇಶಗಳಲ್ಲಿ ಆಗ ಮಕ್ಕಳಾಗಿದ್ದವರಲ್ಲಿ ಮುಂದೆ ಸಾವಿರಾರು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ಕಂಡವು. ಅದಕ್ಕೆ ಮುಖ್ಯ ಕಾರಣ ಕಲುಷಿತ ಹಾಲನ್ನು ಸಮಯಕ್ಕೆ ನಿಲ್ಲಿಸದೇ ಇದ್ದದ್ದು.

ಇನ್ನು ಇವನ್ನು ಹಿಡಿದಿಡುವ ಗೋಡೆಗಳ ವಿಷಯ. ಒಂದೇ ಗೋಡೆಯನ್ನು ನಂಬಬಾರದು ಎಂಬುದೇ ಇಲ್ಲಿನ ಮೂಲ ಸೂತ್ರ. ಒಂದು ಸೋತರೆ ಇನ್ನೊಂದು ಇರಬೇಕು.

ಮೊದಲ ಗೋಡೆ ಇಂಧನವೇ. ಯುರೇನಿಯಂ ಡೈಆಕ್ಸೈಡನ್ನು ಪಿಂಗಾಣಿಯಂತೆ ಸುಟ್ಟು, ಬೆರಳ ತುದಿಯಷ್ಟು ದೊಡ್ಡ ಗುಳಿಗೆಗಳನ್ನು ಮಾಡಿರುತ್ತಾರೆ. ಇದು ಕರಗಲು ಸುಮಾರು 2,800 ಡಿಗ್ರಿ ಸೆಲ್ಸಿಯಸ್ ಬೇಕು. ಹುಟ್ಟಿದ ತುಂಡುಗಳಲ್ಲಿ ಹೆಚ್ಚಿನವು ಆ ಗುಳಿಗೆಯೊಳಗೇ ಸಿಕ್ಕಿಕೊಂಡಿರುತ್ತವೆ.

ಎರಡನೆಯದು ಜಿರ್ಕೋನಿಯಂ ಮಿಶ್ರಲೋಹದ ಕೊಳವೆ. ಗುಳಿಗೆಗಳನ್ನು ಇದರೊಳಗೆ ತುಂಬಿ ಎರಡೂ ತುದಿ ಬೆಸೆಯುತ್ತಾರೆ. ಕೈಗಾದ ಘಟಕಗಳಲ್ಲಿ ಇಂಥ 19 ಕೊಳವೆಗಳನ್ನು ಸೇರಿಸಿ ಅರ್ಧ ಮೀಟರ್ ಉದ್ದದ ಒಂದು ಕಟ್ಟು ಮಾಡಿರುತ್ತಾರೆ. ಒಂದು ರಿಯಾಕ್ಟರಿನಲ್ಲಿ 306 ಅಡ್ಡ ನಾಳಗಳು. ಇಷ್ಟು ಸಾವಿರ ಕೊಳವೆಗಳಲ್ಲಿ ಎಲ್ಲೋ ಒಂದು ಸೂಜಿಮೊನೆಯಷ್ಟು ತೂತಾದರೂ ನೀರಿನಲ್ಲಿ ಅಯೋಡಿನ್ ಏರಿದ್ದು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಯಾವ ನಾಳ ಎಂದು ಹುಡುಕಿ, ರಿಯಾಕ್ಟರ್ ಓಡುತ್ತಿರುವಾಗಲೇ ಆ ಕಟ್ಟನ್ನು ತೆಗೆಯುವ ವ್ಯವಸ್ಥೆ ಈ ಮಾದರಿಯಲ್ಲಿದೆ.

ಮೂರನೆಯದು ಭಾರಜಲ ಹರಿಯುವ ಕೊಳವೆಗಳ ಜಾಲ. ಇಲ್ಲಿ ಊರಿನವರ ಒಂದು ಸಂಶಯಕ್ಕೆ ಉತ್ತರ ಹೇಳಬೇಕು. "ಕದ್ರಾ ಅಣೆಕಟ್ಟಿನ ನೀರು ರಿಯಾಕ್ಟರಿನ ಒಳಗೆ ಹೋಗಿ ಬರ್ತದಂತೆ" ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಮೂರು ನೀರುಗಳಿವೆ. ಇಂಧನವನ್ನು ಮುಟ್ಟುವುದು ಭಾರಜಲ. ಅದು ತನ್ನ ಬಿಸಿಯನ್ನು ಕೊಳವೆಯ ಗೋಡೆಯ ಮೂಲಕ ಎರಡನೆಯ ನೀರಿಗೆ ಕೊಡುತ್ತದೆ. ಆ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಆ ಹಬೆಯನ್ನು ತಣಿಸುವುದು ಕದ್ರಾ ಜಲಾಶಯದ ನೀರು, ಅದೂ ಬೇರೆ ಕೊಳವೆಗಳಲ್ಲಿ. ಹಾಗಂತ ನೀರಿಗೆ ಏನೂ ಸೇರುವುದೇ ಇಲ್ಲ ಎಂದಲ್ಲ. ಭಾರಜಲದಲ್ಲಿ ಟ್ರಿಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ. ಸೋರಿದ ಭಾರಜಲವನ್ನು ಹಿಡಿದು ಮರಳಿಸಿದ ಮೇಲೂ ಸ್ವಲ್ಪ ಉಳಿಯುತ್ತದೆ. ಅದನ್ನು ಅಳೆದು, ನಿಯಂತ್ರಣ ಮಂಡಳಿ ಹಾಕಿಕೊಟ್ಟ ಮಿತಿಯೊಳಗೆ ಬಿಡುತ್ತಾರೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ "ಬಿಡುತ್ತೀರೋ ಇಲ್ಲವೋ" ಎಂಬುದಲ್ಲ, "ಎಷ್ಟು ಬಿಟ್ಟಿರಿ, ಮಿತಿ ಎಷ್ಟು" ಎಂಬುದು.

ನಾಲ್ಕನೆಯದು ನಮಗೆ ದೂರದಿಂದ ಕಾಣುವ ಗುಮ್ಮಟ. ಕೈಗಾದಲ್ಲಿ ಇದು ಒಂದರೊಳಗೊಂದು ಎರಡು ಗೋಡೆ. ನಡುವಿನ ಜಾಗದ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಡುತ್ತಾರೆ. ಹಾಗಾಗಿ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆಯೇ ಹೊರತು ಒಳಗಿನದು ಹೊರಗೆ ಬರುವುದಿಲ್ಲ. ಒಳಗೆ ಹೋಗಲು ಎರಡು ಬಾಗಿಲ ಕೋಣೆ ಇದೆ, ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಕೊಳವೆ ಒಡೆದು ಹಬೆ ತುಂಬಿದರೆ ಅದನ್ನು ಕೆಳಗಿನ ನೀರಿನ ಕೊಳದೊಳಗೆ ಹಾಯಿಸಿ ತಣಿಸುವ ಏರ್ಪಾಡಿದೆ. ಚಿಮಣಿಗೆ ಹೋಗುವ ಗಾಳಿ ಧೂಳು ಹಿಡಿಯುವ ಸೂಕ್ಷ್ಮ ಶೋಧಕಗಳನ್ನು ದಾಟಿ ಹೋಗುತ್ತದೆ. ಅಯೋಡಿನ್ ಹಿಡಿಯಲು ಇದ್ದಿಲಿನ ಶೋಧಕಗಳಿವೆ. ಆಯಿ ಇದ್ದಿಲು ಹಾಕಿ ನೀರು ಸೋಸುತ್ತಿದ್ದದ್ದು ನಿಮಗೆ ನೆನಪಿದ್ದರೆ ತತ್ವ ಅದೇ.

ಐದನೆಯದು ದೂರ. ಸ್ಥಾವರದ ಸುತ್ತ ಯಾರೂ ವಾಸಿಸದ ವಲಯ, ಮತ್ತು 16 ಕಿಲೋಮೀಟರ್‌ವರೆಗಿನ ತುರ್ತು ಯೋಜನೆಯ ವಲಯ.

ಈ ಗುಮ್ಮಟದ ಬಗ್ಗೆ ಒಂದು ಕಥೆ ನಮ್ಮ ಜಿಲ್ಲೆಯದೇ ಇದೆ. 1994ರ ಮೇ 13ರಂದು, ಕೈಗಾದ ಮೊದಲ ಘಟಕ ಇನ್ನೂ ಕಟ್ಟುತ್ತಿರುವಾಗಲೇ, ಒಳಗುಮ್ಮಟದ ಕೆಳಪದರ ಕಳಚಿ ನೂರು ಟನ್‌ಗೂ ಹೆಚ್ಚು ಕಾಂಕ್ರೀಟು ಬಿತ್ತು. ಕೆಲಸಗಾರರಿಗೆ ಗಾಯಗಳಾದವು. ಆಗ ಒಳಗೆ ಇಂಧನ ಇರಲಿಲ್ಲ, ವಿಕಿರಣದ ಪ್ರಶ್ನೆ ಬರಲಿಲ್ಲ. ತನಿಖೆಯಾಯಿತು, ಗುಮ್ಮಟದ ವಿನ್ಯಾಸವನ್ನೇ ಬದಲಿಸಿದರು, ವರ್ಷಗಳು ಹಿಡಿದವು. ಕೊನೆಗೆ 2000ನೇ ಇಸವಿಯಲ್ಲಿ ಎರಡನೆಯ ಘಟಕ ಮೊದಲು, ಮೊದಲನೆಯದು ಆಮೇಲೆ ವಾಣಿಜ್ಯವಾಗಿ ವಿದ್ಯುತ್ ಕೊಡಲು ಆರಂಭಿಸಿದವು. ಅದೇ ಮೊದಲ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗ ವಿಶ್ವ ದಾಖಲೆ ಮಾಡಿತು. ಎರಡೂ ಸತ್ಯ, ಎರಡನ್ನೂ ಹೇಳಬೇಕು. ಗುಮ್ಮಟ ಬಿದ್ದದ್ದನ್ನು ಮುಚ್ಚಿಟ್ಟು ದಾಖಲೆಯನ್ನಷ್ಟೇ ಹೇಳಿದರೆ ಅದು ಜಾಹೀರಾತು. ದಾಖಲೆಯನ್ನು ಬಿಟ್ಟು ಬಿದ್ದದ್ದನ್ನಷ್ಟೇ ಹೇಳಿದರೆ ಅದು ಗುಲ್ಲು.

ಈಗ ಗೋಡೆಗಳು ಪರೀಕ್ಷೆಗೆ ಒಳಗಾದ ಸಂದರ್ಭಗಳನ್ನು ನೋಡೋಣ. ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಅಮೆರಿಕದ ತ್ರೀ ಮೈಲ್ ಐಲೆಂಡ್. 1979ರ ಮಾರ್ಚ್ 28ರಂದು ಅಲ್ಲಿ ಒಂದು ವಾಲ್ವ್ ತೆರೆದದ್ದು ಮುಚ್ಚಲಿಲ್ಲ. ಆದರೆ ನಿಯಂತ್ರಣ ಕೋಣೆಯ ದೀಪ "ಮುಚ್ಚಿದೆ" ಎಂಬ ಅರ್ಥ ಕೊಟ್ಟಿತು. ಏಕೆಂದರೆ ಆ ದೀಪ ತೋರಿಸುತ್ತಿದ್ದದ್ದು ಮುಚ್ಚು ಎಂಬ ಆಜ್ಞೆ ಹೋಗಿದೆಯೇ ಎಂಬುದನ್ನು, ವಾಲ್ವ್ ನಿಜಕ್ಕೂ ಮುಚ್ಚಿದೆಯೇ ಎಂಬುದನ್ನಲ್ಲ. ಮಗನಿಗೆ "ಕೊಟ್ಟಿಗೆ ಬಾಗಿಲು ಹಾಕೋ" ಎಂದು ಕೂಗಿ ಹೇಳಿ, ಹಾಕಿದ್ದಾನೆಂದು ನಂಬಿ ಮಲಗಿದಂತೆ. ನೀರು ಸೋರಿಹೋಗಿ ಇಂಧನದ ಸುಮಾರು ಅರ್ಧ ಭಾಗ ಕರಗಿತು. ಮೊದಲ ಮೂರು ಗೋಡೆಗಳು ಸೋತವು. ಆದರೆ ಕಾಂಕ್ರೀಟಿನ ಕಟ್ಟಡ ತಡೆದುನಿಂತಿತು. ಹೊರಗೆ ಹೋದದ್ದು ಮುಖ್ಯವಾಗಿ ಸ್ವಲ್ಪ ಪ್ರಮಾಣದ ಜಡ ಅನಿಲಗಳು.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿದಾಗ ಹೀಗಾಗಲಿಲ್ಲ. ಅಲ್ಲಿ ಅಂಥ ಕಟ್ಟಡವೇ ಇರಲಿಲ್ಲ. ರಿಯಾಕ್ಟರಿನ ವಿನ್ಯಾಸದಲ್ಲಿಯೇ ದೋಷವಿತ್ತು. ಗ್ರಾಫೈಟ್ ಉರಿಯುತ್ತ ಸುಮಾರು ಹತ್ತು ದಿನ ಮಾಲಿನ್ಯ ಆಕಾಶಕ್ಕೆ ಹೋಯಿತು. ಪಕ್ಕದ ಪ್ರಿಪ್ಯಾತ್ ನಗರದ ಜನರನ್ನು ತೆರವು ಮಾಡಿದ್ದು ಮರುದಿನ ಮಧ್ಯಾಹ್ನ. ಜಗತ್ತಿಗೆ ವಿಷಯ ಗೊತ್ತಾದದ್ದು ಹೇಗೆ ಗೊತ್ತೇ? ಏಪ್ರಿಲ್ 28ರ ಬೆಳಿಗ್ಗೆ, ಸಾವಿರ ಕಿಲೋಮೀಟರಿಗೂ ಆಚೆ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಶೂಗಳು ತಪಾಸಣಾ ಯಂತ್ರದಲ್ಲಿ ಗಂಟೆ ಬಾರಿಸಿದವು. ಅವರು ಮೊದಲು ತಮ್ಮ ಸ್ಥಾವರವೇ ಸೋರುತ್ತಿದೆ ಎಂದುಕೊಂಡರು. ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು ಅದೇ ದಿನ ಸಂಜೆ. ಕಾಂಕ್ರೀಟಿನ ಗೋಡೆ ಇಲ್ಲದಿದ್ದದ್ದು ಒಂದು ತಪ್ಪು, ಸುದ್ದಿಗೆ ಗೋಡೆ ಕಟ್ಟಿದ್ದು ಇನ್ನೊಂದು ತಪ್ಪು.

ಮೂರನೆಯದು ಫುಕುಶಿಮಾ. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ತಿಳಿದಿರಬೇಕು. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇರುವಂತೆ, ರಿಯಾಕ್ಟರ್ ನಿಲ್ಲಿಸಿದ ಮೇಲೂ ಇಂಧನ ಬಿಸಿ ಕೊಡುತ್ತಲೇ ಇರುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣ ಶಾಖದ ಶೇ. 6ರಿಂದ 7ರಷ್ಟು. ಕೈಗಾದ ಒಂದು ಘಟಕದ ಲೆಕ್ಕದಲ್ಲಿ ಸುಮಾರು 45ರಿಂದ 50 ಮೆಗಾವಾಟ್ ಶಾಖ. ಒಂದು ದಿನದ ಮೇಲೆ ಶೇ. 1ಕ್ಕಿಂತ ಕಡಿಮೆಯಾದರೂ ನೀರು ಹರಿಯುತ್ತಲೇ ಇರಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು.

2011ರ ಮಾರ್ಚ್ 11ರಂದು ಭೂಕಂಪವಾದಾಗ ಫುಕುಶಿಮಾದ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಆಮೇಲೆ 14-15 ಮೀಟರಿನ ಸುನಾಮಿ ಬಂತು. ಸ್ಥಾವರ ಇದ್ದದ್ದು 10 ಮೀಟರ್ ಎತ್ತರದಲ್ಲಿ, ಅದೂ ಮೊದಲಿದ್ದ 35 ಮೀಟರಿನ ದಿಬ್ಬವನ್ನು ಕಡಿದು ತಗ್ಗಿಸಿದ ಜಾಗದಲ್ಲಿ. ಡೀಸೆಲ್ ಜನರೇಟರುಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು, ಮುಳುಗಿದವು. ತಂಪು ನಿಂತಿತು. ಅತಿಯಾಗಿ ಬಿಸಿಯಾದ ಜಿರ್ಕೋನಿಯಂ ಹಬೆಯೊಂದಿಗೆ ಸೇರಿ ಹೈಡ್ರೋಜನ್ ಅನಿಲ ಹುಟ್ಟಿಸಿತು, ಕಟ್ಟಡಗಳು ಸಿಡಿದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು.

ಅದೇ ದಿನ, ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿ ಒನಗಾವಾ ಎಂಬ ಸ್ಥಾವರವಿತ್ತು. ಅದರ ಕಥೆ ಬೇರೆ. ದಶಕಗಳ ಹಿಂದೆ ಯಾನೊಸುಕೆ ಹಿರಾಯ್ ಎಂಬ ಇಂಜಿನಿಯರ್ ಹಳೆಯ ಕಾಲದ ಸುನಾಮಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಸ್ಥಾವರ ಎತ್ತರದಲ್ಲಿಯೇ ಇರಬೇಕೆಂದು ಹಟ ಹಿಡಿದಿದ್ದರು. 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಸುಮಾರು 13 ಮೀಟರಿನ ಅಲೆ ಬಂತು, ಸ್ಥಾವರ ಉಳಿಯಿತು. ಮನೆ ಕಳಕೊಂಡ 300ಕ್ಕೂ ಹೆಚ್ಚು ಜನ ಅದೇ ಸ್ಥಾವರದ ಆವರಣದಲ್ಲಿ ಆಶ್ರಯ ಪಡೆದರು. ಆ ಇಂಜಿನಿಯರ್ 1986ರಲ್ಲಿಯೇ ತೀರಿಕೊಂಡಿದ್ದರು. ಇಂಜಿನಿಯರ್ ಆಗಬೇಕೆನ್ನುವ ಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ನಮ್ಮ ದೇಶದ ಉದಾಹರಣೆಯೂ ಇದೆ. ಉತ್ತರ ಪ್ರದೇಶದ ನರೋರಾ, ಕೈಗಾ ಮಾದರಿಯದೇ 220 ಮೆಗಾವಾಟ್ ಘಟಕ. 1993ರ ಮಾರ್ಚ್ 31ರ ನಸುಕಿನಲ್ಲಿ ಟರ್ಬೈನಿನ ಅಲಗುಗಳು ಮುರಿದು ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಒಂದಕ್ಕೆ ಬದಲಿ ಇನ್ನೊಂದು ಎಂದು ಹಾಕಿದ್ದ ವಿದ್ಯುತ್ ಕೇಬಲ್ಲುಗಳು ಬೇರೆ ಬೇರೆ ದಾರಿಯಲ್ಲಿ ಹೋಗದೆ ಜೊತೆಯಲ್ಲೇ ಹೋಗಿದ್ದವು, ಜೊತೆಯಲ್ಲೇ ಸುಟ್ಟವು. ಎರಡು ಬೀಗ ಹಾಕಿ ಎರಡರ ಕೀಲಿಯನ್ನೂ ಒಂದೇ ಗೊಂಚಲಿನಲ್ಲಿ ಇಟ್ಟು, ಆ ಗೊಂಚಲೇ ಕಳೆದುಹೋದಂತೆ. 17 ಗಂಟೆ ಇಡೀ ಘಟಕಕ್ಕೆ ಕರೆಂಟಿಲ್ಲ. ಹೊಗೆ ತುಂಬಿ ನಿಯಂತ್ರಣ ಕೋಣೆ ಬಿಡಬೇಕಾಯಿತು. ರಿಯಾಕ್ಟರನ್ನು ನೌಕರರು ಆಗಲೇ ನಿಲ್ಲಿಸಿದ್ದರು. ಬೆಂಕಿ ಆರಿಸಲೆಂದು ಇದ್ದ ಡೀಸೆಲ್ ಪಂಪಿನಿಂದ ನೀರು ಹಾಯಿಸಿದರು. ಕೆಲವರು ಕತ್ತಲಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಕೈಯಿಂದ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು. ವಿಕಿರಣ ಹೊರಗೆ ಬರಲಿಲ್ಲ. ಯಂತ್ರಗಳು ಸೋತಲ್ಲಿ ತರಬೇತಿ ಪಡೆದ ಮನುಷ್ಯರು ಗೋಡೆಯಾದರು. ಆ ಬೆಂಕಿಯ ನಂತರ ಕೇಬಲ್ಲುಗಳನ್ನು ಬೇರ್ಪಡಿಸುವ, ಬೆಂಕಿ ತಡೆ ಹಾಕುವ ಕೆಲಸ ಇತರ ಸ್ಥಾವರಗಳಲ್ಲೂ ನಡೆಯಿತು.

ನನ್ನ ವೃತ್ತಿಗೆ ಹತ್ತಿರವಾದ ಒಂದು ಮಾತು. ಇಂಥ ಸ್ಥಾವರದಲ್ಲಿ ಅಪಾಯ ಅಳೆಯುವ ಉಪಕರಣ ಒಂದೇ ಇರುವುದಿಲ್ಲ, ಮೂರು ಇರುತ್ತವೆ. ಮೂರರಲ್ಲಿ ಎರಡು "ಅಪಾಯ" ಎಂದರೆ ರಿಯಾಕ್ಟರ್ ತಾನಾಗಿ ನಿಲ್ಲುತ್ತದೆ. ಒಂದು ಸುಳ್ಳು ಹೇಳಿದರೂ ತೊಂದರೆಯಿಲ್ಲ, ಒಂದು ಸತ್ತರೂ ತೊಂದರೆಯಿಲ್ಲ. ನಿಲ್ಲಿಸುವ ವಿಧಾನವೂ ಎರಡು: ಒಂದರಲ್ಲಿ ಕ್ಯಾಡ್ಮಿಯಂ ಸರಳುಗಳು ತಮ್ಮ ತೂಕಕ್ಕೇ ಕೆಳಗೆ ಬೀಳುತ್ತವೆ, ಕರೆಂಟು ಹೋದರೂ ಹಿಡಿದಿಟ್ಟ ಕೊಂಡಿ ಬಿಟ್ಟು ತಾವಾಗಿ ಬೀಳುತ್ತವೆ. ಇನ್ನೊಂದರಲ್ಲಿ ನ್ಯೂಟ್ರಾನ್ ಹೀರುವ ದ್ರಾವಣ ಕೊಳವೆಗಳಿಗೆ ನುಗ್ಗುತ್ತದೆ. ಎರಡೂ ಒಂದೇ ಕಾರಣಕ್ಕೆ ಕೆಡಬಾರದು ಎಂಬುದೇ ಉದ್ದೇಶ.

ಆದರೆ ಎಲ್ಲ ಗೋಡೆಗಳನ್ನೂ ಮನುಷ್ಯನೊಬ್ಬ ಸುತ್ತಿ ಹೋಗಬಲ್ಲ. 2009ರ ನವೆಂಬರಿನಲ್ಲಿ ಕೈಗಾದ ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಷಿಯಂ ಇದ್ದ ಭಾರಜಲ ಬೆರೆಸಿದರು. ಹತ್ತಾರು ನೌಕರರು ಅದನ್ನು ಕುಡಿದರು. ಅದು ಪತ್ತೆಯಾದದ್ದು ನೌಕರರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ. ನೆನಪಿಡಿ, ಯಾವ ದುಬಾರಿ ಯಂತ್ರವೂ ಅದನ್ನು ಹಿಡಿಯಲಿಲ್ಲ. ದಿನವೂ ಬೇಸರವಿಲ್ಲದೆ ಮಾಡುವ ಪರೀಕ್ಷೆ ಹಿಡಿಯಿತು.

ಹಾಗಾದರೆ ನಮ್ಮ ಕೆಲಸವೇನು? ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ. ಸುತ್ತಲಿನ ಹಾಲು, ಮೀನು, ನೀರು, ಮಣ್ಣು, ಬೆಳೆಯ ಮಾದರಿ ತೆಗೆದು ಅಳೆಯುತ್ತಾರೆ. ಸಾರ್ವಜನಿಕರಿಗೆ ಸ್ಥಾವರದಿಂದ ಬರಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಸಹಜವಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಈ ಎರಡು ಅಂಕಿಗಳನ್ನು ಇಟ್ಟುಕೊಂಡರೆ ವರದಿ ಓದಬಹುದು. ನಮ್ಮ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಈ ಅಂಕಿಗಳನ್ನು ಕನ್ನಡದಲ್ಲಿ ಓದಿಸಬೇಕು ಎಂಬುದು ನನ್ನ ಮನವಿ. ಇದು ವಿರೋಧವೂ ಅಲ್ಲ, ಹೊಗಳಿಕೆಯೂ ಅಲ್ಲ. ಕೈಗಾ ವಿರುದ್ಧ ದನಿ ಎತ್ತಿ ಶಿವರಾಮ ಕಾರಂತರು 1989ರಲ್ಲಿ ನಮ್ಮ ಕ್ಷೇತ್ರದಿಂದ ಲೋಕಸಭೆಗೆ ನಿಂತಿದ್ದರು. ಅವರ ನಿಲುವನ್ನು ಒಪ್ಪದವರೂ ಇದ್ದರು, ಒಪ್ಪಿದವರೂ ಇದ್ದರು. ಪ್ರಶ್ನೆ ಕೇಳುವ ಹಕ್ಕು ಊರಿನವರಿಗಿದೆ ಎಂಬುದನ್ನು ಮಾತ್ರ ಎರಡೂ ಕಡೆಯವರು ಒಪ್ಪಬೇಕು.

ಇನ್ನೊಂದು ಕೆಲಸ ಅಣಕು ಕಾರ್ಯಾಚರಣೆಯದು. ಜಿಲ್ಲಾಡಳಿತ ಸ್ಥಾವರದ ಹೊರಗಿನ ಅಣಕು ಕಾರ್ಯಾಚರಣೆ ನಡೆಸಿದಾಗ "ಸುಮ್ನೆ ನಾಟಕ" ಎಂದು ನಗುವವರಿದ್ದಾರೆ. ನಗಬೇಡಿ. ನರೋರಾದಲ್ಲಿ ಕತ್ತಲಲ್ಲಿ ಹತ್ತಿದವರಿಗೆ ದಾರಿ ಮೊದಲೇ ಗೊತ್ತಿತ್ತು. ಎಚ್ಚರಿಕೆ ಬಂದರೆ ಮಾಡಬೇಕಾದ್ದು ಕೆಲವೇ ಸರಳ ಕೆಲಸ. ಮನೆಯೊಳಗೆ ಇರಿ, ಕಿಟಕಿ ಬಾಗಿಲು ಮುಚ್ಚಿ. ಬಾವಿ, ಆಹಾರ ಮುಚ್ಚಿಡಿ. ದನಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲಿ ಕಟ್ಟಿ, ಮುಚ್ಚಿಟ್ಟ ಒಣಹುಲ್ಲು ಹಾಕಿ. ಅಧಿಕಾರಿಗಳು ಹೇಳುವವರೆಗೆ ಹೊಸ ಹಾಲು, ಸೊಪ್ಪು ಬಳಸಬೇಡಿ. ಅಯೋಡಿನ್ ಮಾತ್ರೆಯನ್ನು ಅವರು ಹೇಳಿದಾಗ ಮಾತ್ರ ತೆಗೆದುಕೊಳ್ಳಿ. ರೇಡಿಯೋ ಕೇಳಿ, ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ. ಇದನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಫಲಕಕ್ಕೆ ಅಂಟಿಸಲು ಒಂಬತ್ತನೇ ತರಗತಿಯ ಮಕ್ಕಳು ಒಪ್ಪಿಕೊಂಡಿದ್ದಾರೆ, ಅವರಿಗೆ ಧನ್ಯವಾದ.

ಮಕ್ಕಳೇ, ಈ ಊರಿನಿಂದ ನಾಳೆ ಯಾರಾದರೂ ಆ ಗುಮ್ಮಟದೊಳಗೆ ಕೆಲಸಕ್ಕೆ ಹೋಗಬಹುದು, ಇನ್ನೊಬ್ಬರು ನಿಯಂತ್ರಣ ಮಂಡಳಿಗೆ ಹೋಗಬಹುದು, ಮತ್ತೊಬ್ಬರು ಪತ್ರಕರ್ತರಾಗಿ ಅವರಿಬ್ಬರನ್ನೂ ಪ್ರಶ್ನೆ ಕೇಳಬಹುದು. ಮೂವರೂ ಈ ಶಾಲೆಯವರಾದರೆ ನನಗೆ ಸಂತೋಷ. ದೀಪ ಉರಿದ ಮಾತ್ರಕ್ಕೆ ವಾಲ್ವ್ ಮುಚ್ಚಿದೆ ಎಂದು ನಂಬದೆ, ಹೋಗಿ ನೋಡಿ ಬರುವ ಅಭ್ಯಾಸವನ್ನು ಇಲ್ಲಿಯೇ ಪ್ರಯೋಗಾಲಯದಲ್ಲಿ, ಲೆಕ್ಕದ ಪುಸ್ತಕದಲ್ಲಿ ಕಲಿಯಿರಿ. ನನಗೆ ಈ ಶಾಲೆಯ ಮಾಸ್ತರರು ಉತ್ತರದ ಕೆಳಗೆ ತಾಳೆ ನೋಡದೆ ಅಂಕ ಕೊಡುತ್ತಿರಲಿಲ್ಲ. ಆ ತಾಳೆ ನೋಡುವ ಬುದ್ಧಿಯಿಂದಲೇ ನನ್ನ ಜೀವನ ನಡೆಯುತ್ತಿದೆ.

ಐವತ್ತು ವರ್ಷ ತುಂಬಿದ ನಮ್ಮ ಶಾಲೆ ನೂರು ತುಂಬಲಿ.  ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿಯೂ ಕೇಳಬಹುದು.